ಮೇಲೂರಿನ ಹಾಜರಿ

ಗಾಬರಿಯಾಗಲು ನನಗೆ ಕಾರಣ ಬೇಕಿಲ್ಲ. ಮೊದಲು ಗಾಬರಿಯಾಗುತ್ತೇನೆ, ಕಾರಣವನ್ನು ಆಮೇಲೆ ಹುಡುಕಿಕೊಳ್ಳುತ್ತೇನೆ. ಶಾಲೆಗೆ ಹೊರಟವನು ಅರ್ಧ ದಾರಿಯಲ್ಲಿ ಬೀಗ ಹಾಕಿದೆನೋ ಇಲ್ಲವೋ ಎಂದು ಹಿಂದಕ್ಕೆ ಓಡಿ ಬಂದಿದ್ದೇನೆ. ಮನೆಯೊಳಗೆ ಹೆಂಡತಿ ಇದ್ದಾಳೆ, ಬೀಗದ ಮಾತೇ ಇರಲಿಲ್ಲ ಎಂಬುದು ಹೊಸ್ತಿಲ ಹತ್ತಿರ ಬಂದಮೇಲೆ ನೆನಪಾಗಿದೆ. ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನಲ್ಲಿ ಗಣಿತದ ಮೇಷ್ಟ್ರು ನಾನು. ಲೆಕ್ಕದಲ್ಲಿ ಒಂದು ಉತ್ತರ ಸಿಕ್ಕರೆ ಸಾಕು, ಬದುಕಿನಲ್ಲಿ ನನಗೆ ಹತ್ತು ಉತ್ತರ ಹೊಳೆಯುತ್ತವೆ, ಹತ್ತೂ ಅಪಘಾತದವು.

ಇಂಥವನ ಮನೆಗೆ ಒಂದು ಕಾಲಿನ ಸಿಪಾಯಿಯೊಬ್ಬರು ಬಂದು ಸೇರಿದರು. ನನ್ನ ಅಮ್ಮನ ತಮ್ಮ. ಅವರ ಮಗಳನ್ನೇ ನನಗೆ ಕೊಟ್ಟಿದ್ದರಿಂದ ಎರಡು ಕಡೆಯಿಂದಲೂ ಮಾವ. ಅತ್ತೆ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಊರುಗೋಲು, ಒಂದು ಮರದ ಕಾಲು ತೆಗೆದುಕೊಂಡು ನಮ್ಮಲ್ಲಿಗೇ ಬಂದುಬಿಟ್ಟರು. ಮೊದಲನೇ ಮಹಾಯುದ್ಧಕ್ಕೆ ಹೊರಟಾಗ ಅವರಿಗೆ ಮೀಸೆ ಇನ್ನೂ ಸರಿಯಾಗಿ ಬಲಿತಿರಲಿಲ್ಲವಂತೆ. ಬಸ್ರಾದಿಂದಾಚೆ ಎಲ್ಲೋ ಬಲಗಾಲು ಮಂಡಿಯ ಕೆಳಗೆ ಹೋಯಿತು. ಬೊಂಬಾಯಿಯ ಮಿಲಿಟರಿ ಆಸ್ಪತ್ರೆಯಲ್ಲಿ ಕೊಟ್ಟ ಮರದ ಕಾಲನ್ನು ಕಟ್ಟಿಕೊಂಡು ನಲವತ್ತು ವರ್ಷ ನಡೆದರು. ಮಳೆಗಾಲದಲ್ಲಿ ಆ ಕಾಲಿಗೆ ಹರಳೆಣ್ಣೆ ಹಚ್ಚಿ ಬಾಗಿಲ ಹಿಂದೆ ನಿಲ್ಲಿಸುತ್ತಿದ್ದರು. ಬೆಳಗ್ಗೆ ಮರೆತು ಬಾಗಿಲು ತೆಗೆದಾಗಲೆಲ್ಲ ಅದು ಧಡ್ ಎಂದು ಬೀಳುತ್ತಿತ್ತು. ನಾನು ಮಾವನೇ ಬಿದ್ದರೆಂದು ಕೂಗಿಕೊಳ್ಳುತ್ತಿದ್ದೆ.

ಈ ಸೀಮೆಯಿಂದ ಅವರ ಜೊತೆ ಹೋಗಿ ಜೀವಂತ ಮರಳಿದವರು ಏಳು ಜನ. ಚಿಂತಾಮಣಿಯವರಿಬ್ಬರು, ಕೈವಾರದವರೊಬ್ಬರು, ನಗರಗೆರೆಯವರೊಬ್ಬರು, ಚಿಕ್ಕಬಳ್ಳಾಪುರದವರೊಬ್ಬರು, ನಮ್ಮ ಮಾವ, ಮತ್ತೆ ಮೇಲೂರಿನವರು. ಮೇಲೂರಿನವರು ಎರಡು ಕಣ್ಣನ್ನೂ ಅಲ್ಲೇ ಬಿಟ್ಟು ಬಂದಿದ್ದರು. ಅವರು ಎಲ್ಲಿಗೂ ಹೋಗಲಾರರಲ್ಲ, ಹಾಗಾಗಿ ಉಳಿದವರೆಲ್ಲ ತಿಂಗಳಿಗೊಂದು ಭಾನುವಾರ ಅವರ ಜಗುಲಿಗೇ ಬರುವುದೆಂದು ಮಾಡಿಕೊಂಡಿದ್ದರು. ಕಾಣದವರಿಗೆ ಬಂದವರು ಯಾರೆಂದು ತಿಳಿಯಬೇಕಲ್ಲ, ಒಬ್ಬೊಬ್ಬರೂ ಜಗುಲಿಯ ಮುಂದೆ ನಿಂತು "ಹಾಜರ್" ಅನ್ನಬೇಕು. ಎಲ್ಲ ಬಂದಮೇಲೆ ಮೇಲೂರಿನವರು "ಎಷ್ಟು?" ಎಂದು ಕೇಳುತ್ತಾರೆ. ಕೊನೆಗೆ ಬಂದವನು ಲೆಕ್ಕ ಹೇಳಬೇಕು. ನಾನು ಮದುವೆಯಾದ ವರ್ಷ ಆ ಲೆಕ್ಕ ಐದಿತ್ತು. ಆಮೇಲೆ ನಾಲ್ಕು, ಮೂರು. ಈಗ ನಾನು ಹೇಳುತ್ತಿರುವುದು ಆರೇಳು ವರ್ಷದ ಹಿಂದಿನ ಮಾತು; ಆ ಹೊತ್ತಿಗೆ ಇಬ್ಬರೇ ಉಳಿದಿದ್ದರು. ಇಬ್ಬರೇ ಆದಮೇಲೆ ತಿಂಗಳು ಕಾಯುವುದು ಬಹಳ ದೂರವೆನಿಸಿತೋ ಏನೋ, ಮಾವ ಪ್ರತಿ ಭಾನುವಾರವೂ ಹೋಗತೊಡಗಿದರು. ನಮ್ಮಿಂದ ಮೇಲೂರಿಗೆ ನಾಲ್ಕು ಮೈಲಿ ಚಿಲ್ಲರೆ. ಅರ್ಧ ನಡೆದು, ಅರ್ಧ ಯಾರದಾದರೂ ಎತ್ತಿನ ಗಾಡಿ ಹಿಡಿದು, ಹನ್ನೊಂದಕ್ಕೆಲ್ಲ ಅಲ್ಲಿ.

"ಯಾರದು?"

"ಹಾಜರ್."

"ಎಷ್ಟು?"

"ಎರಡು. ನಿನ್ನೂ ಸೇರಿಸಿ ಕಣೋ."

ಇದಾದ ಮೇಲೆ ಇಬ್ಬರೂ ನಗುತ್ತಿದ್ದರು. ಆಮೇಲೆ ಕಾಫಿ, ಪತ್ರಿಕೆ ಓದುವುದು, ಸತ್ತವರನ್ನು ಬೈಯುವುದು.

ಅರವತ್ತು ದಾಟಿ ಮೂರ್ನಾಲ್ಕು ವರ್ಷವಾದ ಮೇಲೆ ಮಾವನ ಎಡಮಂಡಿ ಊದಿಕೊಂಡಿತು. ಮರದ ಕಾಲು ಕಟ್ಟುವ ಕಡೆ ಮಾಂಸ ಬತ್ತಿ, ನಾಲ್ಕು ಹೆಜ್ಜೆಗೆಲ್ಲ ಹುಣ್ಣಾಗತೊಡಗಿತು. ಚಿಕ್ಕಬಳ್ಳಾಪುರದ ಡಾಕ್ಟರಿಗೆ ತೋರಿಸಿದೆ. ಅವರು ನೋಡಿ, ಮರದ ಕಾಲು ಇನ್ನು ಬೇಡ, ಊರುಗೋಲಲ್ಲಿ ಬಚ್ಚಲಿಗೆ ಹೋಗಿ ಬಂದರೆ ಅಷ್ಟೇ ಸಾಕು ಎಂದರು. ಮಾವ ಮನೆಗೆ ಬಂದು ಕೂತವರು ಕೇಳಿದ್ದು ಒಂದೇ: "ಭಾನುವಾರ?"

"ನಾನಿದ್ದೀನಲ್ಲ ಮಾವ" ಎಂದೆ ನಾನು, ಬಹಳ ಗಟ್ಟಿಗನ ಹಾಗೆ.

ಮೊದಲ ಭಾನುವಾರ ಅವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿದೆ. ಹತ್ತಿ ತುಳಿಯಲು ಧೈರ್ಯ ಸಾಲದೆ ನಾಲ್ಕು ಮೈಲಿಯೂ ತಳ್ಳಿಕೊಂಡೇ ಹೋದೆ. ಎದುರಿಗೆ ಬಂದವರೆಲ್ಲ "ಪಂಕ್ಚರಾ ಮೇಷ್ಟ್ರೇ?" ಎಂದು ಕೇಳಿದರು. ಎರಡನೆಯ ವಾರ ಜಟಕಾ ಮಾಡಿದೆ. ಎಲ್ಲಿ ಜಾರಿಬಿಡುತ್ತಾರೋ ಎಂದು ಅವರ ಷರಟಿನ ತುದಿ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದೆ. ಮೇಲೂರಿನಲ್ಲಿ ನಾನೂ ಜಟಕಾದವನೂ ಸೇರಿ ಕಂಕುಳಿಗೆ ಕೈಕೊಟ್ಟು "ಹುಷಾರು, ಹುಷಾರು, ಎತ್ತಪ್ಪಾ, ಹಾಂ, ಇಳಿಸು" ಎಂದು ಜಗುಲಿಯ ಮುಂದೆ ಇಳಿಸಿದೆವು.

ಒಳಗಿನಿಂದ ಮೇಲೂರಿನವರ ದನಿ ಬಂತು: "ಏನಮ್ಮಾ ಅದು, ಗೂಡಿನ ಮೂಟೆ ಬಂತೇನು?" ಅವರ ಸೊಸೆ ಮನೆಯಲ್ಲೇ ರೇಷ್ಮೆ ನೂಲು ತೆಗೆಯುತ್ತಿದ್ದಳು. ಗೂಡಿನ ಮೂಟೆ ಬಂದಿಳಿಯುವ ಸದ್ದು ಅವರ ಕಿವಿಗೆ ಅಭ್ಯಾಸ.

"ಹಾಜರ್" ಎಂದರು ಮಾವ. ದನಿ ಸಣ್ಣಗಿತ್ತು.

"ಓ, ನೀನಾ! ಗೂಡು ಬಂದ್ರೆ ಹಾಜರಿ ಹಾಕಲ್ಲಪ್ಪಾ, ತೂಕಕ್ಕೆ ಹಾಕ್ತಾರೆ" ಎಂದು ಅವರು ಗಹಗಹಿಸಿ ನಕ್ಕರು.

ಅವರು ಆಡಿದ್ದು ತಮಾಷೆಗೆ. ಮಾವನೂ ನಕ್ಕರು. ಆದರೆ ಮುಂದಿನ ಭಾನುವಾರ ಜಟಕಾ ಬಂದು ಬಾಗಿಲಲ್ಲಿ ನಿಂತಾಗ "ಮೈ ಸರಿ ಇಲ್ಲ" ಎಂದುಬಿಟ್ಟರು. ಅದರ ಮುಂದಿನ ಭಾನುವಾರವೂ ಇಲ್ಲ. ಶನಿವಾರ ಸಂಜೆ ಮಾತ್ರ ಎಂದಿನಂತೆ ಮಿಲಿಟರಿ ಸೊಂಟಪಟ್ಟಿಯ ಹಿತ್ತಾಳೆ ಬಿಲ್ಲೆಯನ್ನು ಬೂದಿ ಹಾಕಿ ಉಜ್ಜಿ ಹೊಳೆಯಿಸುವರು. ಭಾನುವಾರ ಬೆಳಗ್ಗೆ ಅದನ್ನು ಹಾಗೆಯೇ ಟ್ರಂಕಿನೊಳಗೆ ಇಡುವರು.

ನನಗೆ, ಹೇಳಲು ನಾಚಿಕೆ, ಒಳಗೊಳಗೇ ನೆಮ್ಮದಿಯಾಗಿತ್ತು. ಮನೆಯಲ್ಲಿದ್ದಾರೆ, ಬೀಳುವುದಿಲ್ಲ, ಲಾರಿ ಹಾಯುವುದಿಲ್ಲ. ಹಾಸಿಗೆಯ ಪಕ್ಕ ನೀರು, ಕೈಗೆಟುಕುವ ಹಾಗೆ ಗಂಟೆ, ಬಚ್ಚಲಿಗೆ ಹಗ್ಗ ಕಟ್ಟಿದ್ದೆ. ಹೆಂಡತಿ ಒಂದು ದಿನ ಅಕ್ಕಿ ಆರಿಸುತ್ತಾ ಹೇಳಿದಳು:

"ರೀ, ನೀವು ಅಪ್ಪನ್ನ ಜೋಪಾನ ಮಾಡಿ ಮಾಡಿ ಸಾಯಿಸ್ತೀರಾ."

"ನಾನೇನೇ ಮಾಡ್ದೆ?"

"ಅದೇ. ಎಲ್ಲಾ ನೀವೇ ಮಾಡ್ತೀರಾ."

ಆ ರಾತ್ರಿಯೋ ಮಾರನೆಯ ದಿನವೋ, ನಾನು ಶಾಲೆಯಿಂದ ತಂದ ಸ್ಲೇಟನ್ನು ಮಾವ ತೊಡೆಯ ಮೇಲಿಟ್ಟುಕೊಂಡು ಏನೋ ಬರೆಯುತ್ತಿದ್ದರು. ಇಣುಕಿ ನೋಡಿದರೆ ಒಂದು ಕುರ್ಚಿ, ಕುರ್ಚಿಗೆ ಮೂರು ಗಾಲಿ, ಎದೆಯ ಮಟ್ಟಕ್ಕೆ ಒಂದು ಹಿಡಿ.

"ಬೊಂಬಾಯಿ ಆಸ್ಪತ್ರೇಲಿ ಒಬ್ಬ ಬಿಳೀ ದೊರೆ ಇದ್ದ. ಎರಡು ಕಾಲೂ ಇಲ್ಲ. ಇಂಥಾದ್ರಲ್ಲಿ ಕೂತ್ಕೊಂಡು ತೋಟ ಎಲ್ಲಾ ಸುತ್ತೋನು. ಕೈಯಲ್ಲಿ ತಿರುಗಿಸೋದು. ಯಾರನ್ನೂ ಹತ್ರ ಸೇರಿಸ್ತಿರ್ಲಿಲ್ಲ." ಸ್ಲೇಟಿನಿಂದ ಕಣ್ಣೆತ್ತದೆ ಮುಂದುವರಿಸಿದರು. "ನಾನು ಮೇಲೂರಿಗೆ ಹೋಗ್ಬೇಕು ಕಣೋ. ನಾನೇ ಹೋಗ್ಬೇಕು. ನನ್ನ ತಗೊಂಡು ಹೋಗಿ ಇಡೋದಲ್ಲ."

ನನಗೆ ಥಟ್ಟನೆ ಹೊಳೆದದ್ದು ಕೆರೆಯ ಏರಿ. ಆ ರಸ್ತೆ ಒಂದು ಕಡೆ ಏರಿಯ ಮೇಲೆ ಹೋಗುತ್ತದೆ, ಅದಾದ ಮೇಲೆ ಒಂದು ದಿಣ್ಣೆ. ಬೇಡ ಎನ್ನಲು ಬಾಯಿ ತೆರೆದೆ. ಹೆಂಡತಿ ಮೊರವನ್ನು ಟಪ್ ಎಂದು ಬಡಿದಳು. ಬಾಯಿ ಮುಚ್ಚಿಕೊಂಡೆ.

ಕೆಲಸಕ್ಕೆ ಇಬ್ಬರು ಸಿಕ್ಕರು. ಒಬ್ಬರು ಸೈಕಲ್ ಷಾಪಿನ ಸಾಬರು. ಇನ್ನೊಬ್ಬರು ಅವರ ಎದುರಿಗೇ ಕೊಟ್ಟಿಗೆಯಲ್ಲಿ ಚರಕ ಮಾಡುತ್ತಿದ್ದ ಆಚಾರಿ. ಚರಕವೆಂದರೆ ನಮ್ಮೂರಲ್ಲಿ ರೇಷ್ಮೆ ಬಿಚ್ಚುವ ಚರಕ: ಒಬ್ಬರು ಬಿಸಿನೀರಿನ ಬಾಣಲೆಯ ಮುಂದೆ ಕೂತು ಗೂಡಿನಿಂದ ಎಳೆ ತೆಗೆದರೆ, ಇನ್ನೊಬ್ಬರು ಹಿಡಿ ಹಿಡಿದು ದೊಡ್ಡ ಚಕ್ರ ತಿರುಗಿಸುತ್ತಾರೆ. ಊರಿನ ಅರ್ಧ ಚರಕ ಈ ಆಚಾರಿ ಮಾಡಿದವೇ.

ಹಿಂದಿನ ಎರಡು ಗಾಲಿ ಚಿಂತಾಮಣಿಯಲ್ಲಿ ಸಿಕ್ಕವು. ಮುಂದಿನದು ಸಾಬರ ಅಂಗಡಿಯದೇ. ದಿಣ್ಣೆ ಹತ್ತುವಾಗ ಕೈಗೆ ಹಗುರವಾಗಲಿ ಎಂದು ಒಂದು ಚಿಕ್ಕ, ಒಂದು ದೊಡ್ಡ ಹಲ್ಲುಚಕ್ರ ಕೂಡಿಸಬೇಕೆಂದು ಸಾಬರು ಹೇಳಿದರು. ಅವು ಗೌರಿಬಿದನೂರಿನ ಗುಜರಿಯಲ್ಲಿ, ಮೇವು ಕತ್ತರಿಸುವ ಹಳೇ ಯಂತ್ರದಲ್ಲಿ ಸಿಕ್ಕವು. ನಾನೇ ಹೋಗಿ ಗೋಣಿಚೀಲದಲ್ಲಿ ಕಟ್ಟಿ ತಂದೆ. ಬಸ್ಸಿನ ಮೇಲೆ ಹಾಕಲು ಮನಸ್ಸಾಗದೆ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡಿದ್ದೆ. ಒಂದು ವಾರ ತೊಡೆ ನೀಲಿಯಾಗಿತ್ತು. ಆಚಾರಿ ಹೊನ್ನೆ ಮರದ ಪೀಠ ಮಾಡಿ, ಹಲ್ಲುಚಕ್ರ ಕೂಡಿಸಿ, ಗಾಲಿಗೆ ಸೈಕಲ್ ಚೈನು ಎಳೆದು, ಬಲಗೈಗೆ ಹಿಡಿ ಇಟ್ಟರು. ಎಡಗೈಗೆ ಗಾಡಿ ತಿರುಗಿಸುವ ಕೋಲು.

ಹದಿನೈದನೆಯ ದಿನ ಅಂಗಡಿಯ ಮುಂದೆ ಪರೀಕ್ಷೆ. ಮಾವ ಬೆಂಚಿನ ಮೇಲೆ ಕೂತು ನೋಡುತ್ತಿದ್ದರು. ಮೊದಲು ಸಾಬರು ಹತ್ತಿ ಕೂತು, ಸೈಕಲ್ ಪೆಡಲ್ಲು ತಿರುಗುವ ಹಾಗೆ ಹಿಡಿಯನ್ನು ಮುಂದಕ್ಕೆ ನೂಕಿ ತಿರುಗಿಸಿದರು. ಟಿಕ್ ಟಿಕ್ ಟಿಕ್ ಎಂದು ಸದ್ದು ಬಂತೇ ಹೊರತು ಗಾಡಿ ಒಂದಿಂಚೂ ಕದಲಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದರು. ಇನ್ನೂ ಜೋರಾಗಿ ಟಿಕ್ ಟಿಕ್.

"ಚೂಡು ಸ್ವಾಮೀ, ಇಲ್ನೋಡು" ಎಂದು ಆಚಾರಿ ಅವರನ್ನು ಎಬ್ಬಿಸಿ ತಾನು ಕೂತು, ಹಿಡಿಯನ್ನು ತನ್ನೆದೆಯ ಕಡೆಗೆ ಎಳೆದುಕೊಳ್ಳುತ್ತಾ ತಿರುಗಿಸಿದರು. ಗಾಡಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಗಿ ಕಾಫಿ ಹೋಟೆಲಿನ ಬೆಂಚಿಗೆ ಗುದ್ದಿತು.

"ಉಲ್ಟಾ ಹಾಕ್ಬಿಟ್ಟಿದೀಯಲ್ಲೋ ಆಚಾರೀ!" ಸಾಬರು ತಲೆ ಚಚ್ಚಿಕೊಂಡರು.

"ಉಲ್ಟಾ ನಿಂದು! ಮೂವತ್ತು ವರ್ಷದಿಂದ ಚರಕ ಮಾಡ್ತಿದೀನಿ. ಈ ಊರಲ್ಲಿ ಯಾವನಾದ್ರೂ ಆಚೆಗೆ ನೂಕ್ತಾ ಚರಕ ತಿರುಗ್ಸಿದ್ದು ನೋಡಿದೀಯಾ? ಎಲ್ರೂ ತಮ್ ಕಡೆಗೇ ಎಳ್ಕೊಳ್ಳೋದು."

"ಅರೇ, ಇದು ಚರಕ ಅಲ್ಲ ಭಾಯಿ, ಗಾಡಿ, ಗಾಡಿ!"

"ಹಿಡಿ ಐತೆ, ತಿರುಗುತ್ತೆ. ಇನ್ನೇನಪ್ಪಾ ಬೇಕು?"

ಎರಡು ಹಲ್ಲುಚಕ್ರ ಕೂಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ ಎಂಬುದು ಗಣಿತದ ಮೇಷ್ಟ್ರಿಗಾದರೂ ಮೊದಲೇ ಹೊಳೆಯಬೇಕಿತ್ತು. ಆದರೆ ನಾನು ಆ ಹದಿನೈದು ದಿನವೂ ಬ್ರೇಕಿನ ಬಗ್ಗೆಯೇ ಯೋಚಿಸುತ್ತಿದ್ದೆ. ಈಗ ಮುಂದೆ ಬಂದು, ಇದನ್ನು ಬಿಚ್ಚಿ ಸರಿಮಾಡಲೇಬೇಕು, ಲೋಕವೆಲ್ಲ ಒಂದು ಕಡೆ ತಿರುಗಿಸುವಾಗ ನಮ್ಮ ಗಾಡಿ ಇನ್ನೊಂದು ಕಡೆ ತಿರುಗಿದರೆ ಅಪಾಯ ಎಂದು ಭಾಷಣ ಶುರುಮಾಡಿದೆ. ಅಷ್ಟರಲ್ಲಿ ಮಾವ ಊರುಗೋಲು ಊರಿಕೊಂಡು ಹೋಗಿ ತಾವೇ ಹತ್ತಿ ಕೂತಿದ್ದರು. ಒಂದು ಸುತ್ತು ಎಳೆದರು. ಮತ್ತೊಂದು. ಗಾಡಿ ರಸ್ತೆಯ ತುದಿಯವರೆಗೂ ಹೋಗಿ, ತಿರುಗಿ, ವಾಪಸ್ಸು ಬಂತು. ನಾನು ಅವರ ಮುಖವನ್ನು ಅಷ್ಟು ಹೊಸದಾಗಿ ಯಾವತ್ತೂ ನೋಡಿರಲಿಲ್ಲ.

"ಆಚೆಗೆ ನೂಕಿದ್ರೆ ನನ್ನ ಭುಜ ಹಿಡ್ಕೊಳ್ಳುತ್ತೆ ಕಣಯ್ಯಾ. ನಲವತ್ತು ವರ್ಷ ಊರುಗೋಲು ಊರಿ ಊರಿ ಸವೆದುಹೋಗಿದೆ. ಎಳ್ಕೊಳ್ಳೋದು ಹಾಯಾಗಿದೆ. ಹಿಂಗೇ ಇರ್ಲಿ."

ಆಚಾರಿ ಸಾಬರ ಕಡೆ ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಇವತ್ತಿಗೂ, ಆ ದೋಷ ಬೇಕೆಂದೇ ಮಾಡಿದ್ದು ಎಂದು ಆಚಾರಿ ಹೇಳುತ್ತಾರೆ.

ಇನ್ನು ನನ್ನ ಸರದಿ. ಒಂದು ಬ್ರೇಕಿನ ಬದಲು ಎರಡು ಹಾಕಿಸಿದೆ. ಗಂಟೆಯ ಜೊತೆಗೊಂದು ಹಾರ್ನು. ಊರುಗೋಲು ಸಿಕ್ಕಿಸಲು ಪಕ್ಕದಲ್ಲಿ ಕೊಂಡಿ, ನೀರಿನ ಸೀಸೆಗೆ ಚೀಲ, ಹಿಂದೆ ಒಂದು ಕೆಂಪು ಬಟ್ಟೆಯ ಬಾವುಟ. ಎಲ್ಲಕ್ಕಿಂತ ಕೊನೆಯಲ್ಲಿ, ಕ್ಷೌರದಂಗಡಿಯಿಂದ ಅಂಗೈಯಗಲದ ಕನ್ನಡಿ ತಂದು ಎಡಗಡೆಯ ಕೋಲಿಗೆ ಕಟ್ಟಿದೆ.

"ಇದ್ಯಾಕೋ? ನಾನೇನು ಮೀಸೆ ತಿದ್ಕೊಬೇಕಾ?"

"ಹಿಂದೆ ಬರೋ ಲಾರಿ ಕಾಣ್ಬೇಕಲ್ಲ ಮಾವ."

"ಸರಿ ಕಟ್ಟಪ್ಪಾ, ನಿಂಗೆ ನಿದ್ದೆ ಬಂದ್ರೆ ಸಾಕು" ಎಂದರು. ಬಾವುಟವನ್ನು ಮಾತ್ರ ಮಾರನೆಯ ದಿನ ಕಿತ್ತು ಮಗಳಿಗೆ ಒಲೆಯ ಬಟ್ಟೆ ಮಾಡಿಕೊಳ್ಳಲು ಕೊಟ್ಟರು.

ಮೊದಲ ಭಾನುವಾರ ಹಿತ್ತಾಳೆ ಬಿಲ್ಲೆಯ ಪಟ್ಟಿ ಕಟ್ಟಿ, ಕೋಟು ಹಾಕಿ ಕೂತರು. "ನನ್ನ ಹಿಂದೆ ಬರಲ್ಲ ಅಂತ ಮಾತು ಕೊಡು" ಎಂದರು. ಕೊಟ್ಟೆ. ಗಾಡಿ ಬೀದಿಯ ತಿರುವು ದಾಟುವವರೆಗೂ ಆ ಮಾತನ್ನು ಉಳಿಸಿಕೊಂಡೆ. ಆಮೇಲೆ ಸೈಕಲ್ ಹೊರಗೆ ತೆಗೆದೆ.

"ತರಕಾರಿ ತರ್ತೀನಿ" ಎಂದೆ ಹೆಂಡತಿಗೆ.

"ಚೀಲ ಬೇಡ್ವೇ?" ಎಂದಳು.

ಅವರಿಗೂ ನನಗೂ ನಡುವೆ ಸುಮಾರು ಇನ್ನೂರು ಗಜ. ಅವರು ನಿಧಾನವಾದರೆ ನಾನು ಮರದ ಮರೆಗೆ. ಕೆರೆ ಏರಿಯ ಮೇಲೆ ಹೋಗುವಾಗ ಅವರ ಬೆನ್ನನ್ನೇ ನೋಡುತ್ತಾ, ಉಸಿರು ಹಿಡಿದು, ಎಡಕ್ಕೆ ವಾಲಬೇಡಿ ಮಾವ ಎಂದು ಮನಸ್ಸಿನಲ್ಲೇ ಅವರನ್ನು ನಡೆಸುತ್ತಿದ್ದೆ. ಅವರು ಎಡಕ್ಕೆ ವಾಲಲಿಲ್ಲ. ಏರಿ ಇಳಿದಮೇಲೆ ವಾಲಿದವನು ನಾನು. ಹಿಪ್ಪುನೇರಳೆ ತೋಟಕ್ಕೆ ನೀರು ಬಿಟ್ಟಿದ್ದ ಕಾಲುವೆಯೊಳಕ್ಕೆ ಸೈಕಲ್ ಸಮೇತ ಇಳಿದುಹೋದೆ. ಪಂಚೆ ಹಿಂಡಿ, ಕೆಸರಿನಲ್ಲಿ ಕನ್ನಡಕ ಹುಡುಕಿ ಮೇಲೆ ಬರುವಷ್ಟರಲ್ಲಿ ಕಾಲು ಗಂಟೆ. ಕೈತಪ್ಪಿತು ಎಂದು ಓಡೋಡಿ ಬಂದರೆ, ಪುಣ್ಯಕ್ಕೆ ಮಾವ ಸ್ವಲ್ಪ ಮುಂದೆಯೇ ಗಾಡಿ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದರು. ನನ್ನ ಅದೃಷ್ಟಕ್ಕೆ ನಾನೇ ಕೈಮುಗಿದೆ.

ದಿಣ್ಣೆಯನ್ನು ಮೂರು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದರು. ಮೇಲೂರಿನಲ್ಲಿ ಒಂದು ಹುಲ್ಲಿನ ಗಾಡಿಯ ಹಿಂದೆ ಅವಿತು ನಿಂತೆ. ಗಾಡಿಯಿಂದ ತಾವೇ ಇಳಿದು, ಊರುಗೋಲು ಊರಿ, ಕೋಟಿನ ಧೂಳು ಕೊಡವಿಕೊಂಡು ಜಗುಲಿಯ ಮುಂದೆ ನಿಂತರು.

"ಯಾರದು?"

"ಹಾಜರ್!"

ಬೀದಿಯ ಆ ತುದಿಗೂ ಕೇಳುವಂತಿತ್ತು. ಒಳಗಡೆ ಚರಕದ ಸದ್ದು ನಿಂತಿತು. ಮೇಲೂರಿನವರು ತಡವರಿಸಿಕೊಂಡು ಹೊರಗೆ ಬಂದು, ಗಾಡಿಯನ್ನು ಗಾಲಿಯಿಂದ ಹಿಡಿಯವರೆಗೆ ಕೈಯಲ್ಲಿ ಸವರಿ ನೋಡಿ, ಹಿಡಿಯನ್ನು ಮುಂದಕ್ಕೆ ತಿರುಗಿಸಿ, "ಟಿಕ್ ಟಿಕ್ ಅಂತದಲ್ಲೋ, ಕೆಟ್ಟೋಗಿದೆ" ಎಂದರು. ಮಾವ ಅಷ್ಟು ನಕ್ಕಿದ್ದನ್ನು ನಾನು ಹುಲ್ಲಿನ ಸಂದಿಯಿಂದ ನೋಡಿದೆ.

ಹೀಗೆ ಹತ್ತು ಹನ್ನೆರಡು ವಾರ. ಪ್ರತಿ ಭಾನುವಾರ ನಾನು ತರಕಾರಿಗೆ ಹೋಗುತ್ತಿದ್ದೆ, ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ತರಕಾರಿ ಇರುತ್ತಿರಲಿಲ್ಲ. ಒಂದು ವಾರ ನನ್ನ ಸೈಕಲ್ ಪಂಕ್ಚರ್ ಆಯಿತು. ಅವತ್ತೇ ಮಾವನೂ ಮೋರಿಯ ಹತ್ತಿರ ನಿಂತು ಚಪ್ಪಲಿಯೊಳಗಿನ ಕಲ್ಲು ತೆಗೆಯುತ್ತಿದ್ದರು. ಇರುವ ಒಂದು ಚಪ್ಪಲಿಯಿಂದ ಕಲ್ಲು ತೆಗೆಯಲು ಅಷ್ಟು ಹೊತ್ತು ಬೇಕೇ ಎಂದು ನನಗೆ ಅನ್ನಿಸಲೇ ಇಲ್ಲ. ಗಾಬರಿಯ ಮನುಷ್ಯನಿಗೆ ಅನುಮಾನಪಡಲು ಪುರಸೊತ್ತಿರುವುದಿಲ್ಲ.

ಆಮೇಲೆ ಆ ಭಾನುವಾರ ಬಂತು. ದಿಣ್ಣೆಯ ಅರ್ಧಕ್ಕೆ ಹೋಗುವಾಗ ಟಪ್ ಎಂದು ಸದ್ದಾಗಿ ಚೈನು ಕಳಚಿತು. ಗಾಡಿ ಹಿಂದಕ್ಕೆ ಉರುಳತೊಡಗಿತು. ನಾನು ಹುಣಸೆ ಮರದ ಹಿಂದಿನಿಂದ ಸೈಕಲ್ ಬಿಸಾಡಿ ಓಡಲು ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅವರು ಎರಡೂ ಬ್ರೇಕು ಹಿಡಿದಿದ್ದರು. ಗಾಡಿ ನಿಂತಿತು. ನಾನೂ ನಿಂತೆ.

ಬ್ರೇಕನ್ನು ಹಗ್ಗದಿಂದ ಬಿಗಿದರು. ಊರುಗೋಲನ್ನು ನೆಲಕ್ಕೆ ಎಸೆದು, ಪೀಠದಿಂದ ಮೆಲ್ಲಗೆ ಜಾರಿ ನೆಲದ ಮೇಲೆ ಕೂತರು. ಕೂತುಕೊಂಡೇ ಹಿಂದಕ್ಕೆ ಸರಿದು, ಎರಡು ಕಲ್ಲು ಹುಡುಕಿ ಗಾಲಿಗಳಿಗೆ ಕೊಟ್ಟರು. ಆಮೇಲೆ ಚೈನಿಗೆ ಕೈ ಹಾಕಿದರು. ಒಂದು ಕಡೆ ಕೂತರೆ ಇನ್ನೊಂದು ಕಡೆ ಜಾರುತ್ತದೆ. ಮತ್ತೆ ಮೊದಲಿನಿಂದ. ನನಗಾದರೆ ಎರಡು ನಿಮಿಷದ ಕೆಲಸ. ನಾನು ಹೋಗಿ ಹಾಕಿಕೊಡಬಹುದಿತ್ತು. ಹಾಕಿಕೊಟ್ಟಿದ್ದರೆ ಅವತ್ತು ಅವರು ಮೇಲೂರನ್ನು ತಲುಪುತ್ತಿದ್ದರು, ಆದರೆ ಮುಂದಿನ ಭಾನುವಾರ ಮತ್ತೆ "ಮೈ ಸರಿ ಇಲ್ಲ" ಎನ್ನುತ್ತಿದ್ದರು. ಇಷ್ಟು ಲೆಕ್ಕ ನನಗೂ ಬರುತ್ತಿತ್ತು. ಹುಣಸೆ ಮರವನ್ನು ತಬ್ಬಿಕೊಂಡು ನಿಂತೆ. ತೊಗಟೆ ಕೆನ್ನೆಗೆ ಒತ್ತಿ ಗುರುತು ಬಿದ್ದಿತ್ತು ಎಂದು ಆಮೇಲೆ ಹೆಂಡತಿ ಹೇಳಿದಳು.

ಅಷ್ಟರಲ್ಲಿ ಮೇಲಿನಿಂದ ಬಸ್ಸು ಬಂತು. ಗಾಡಿಯ ಪಕ್ಕ ನಿಂತಿತು. ಕಂಡಕ್ಟರ್ ತಲೆ ಹೊರಗೆ ಹಾಕಿದ.

"ತಾತಾ, ಇಳೀಲಾ? ಒಂದು ಕೈ ಕೊಡ್ಲಾ?"

"ಬೇಡಪ್ಪಾ, ಆಗೋಗಿದೆ. ರೈಟ್ ಹೇಳು ನೀನು."

ಬಸ್ಸು ದಿಣ್ಣೆ ಇಳಿದು ನನ್ನ ಮರದ ಹತ್ತಿರ ಬಂದಾಗ ಅದೇ ಕಂಡಕ್ಟರ್, ನನ್ನ ಶಾಲೆಯಲ್ಲಿ ಓದಿದವನು, ಗಂಟಲು ಹರಿಯುವಂತೆ ಕೂಗಿದ: "ಏನ್ ಮೇಷ್ಟ್ರೇ, ಮರ ತಬ್ಕೊಂಡು ನಿಂತಿದೀರಾ? ಆರೋಗ್ಯನಾ?"

ಮಾವ ಕತ್ತೆತ್ತಲಿಲ್ಲ. ಕೇಳಿಸಲಿಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಅರ್ಧ ಗಂಟೆಗೂ ಮೇಲಾಯಿತು. ಕೊನೆಗೆ ಚೈನು ಕೂತಿತು. ಊರುಗೋಲು ಊರಿ, ಪೀಠ ಹಿಡಿದು, ಎರಡು ಸಲ ಜಾರಿ, ಮೂರನೆಯ ಸಲ ಮೇಲೆ ಕೂತರು. ಕಲ್ಲುಗಳನ್ನು ಊರುಗೋಲಿನಿಂದ ದೂಡಿ, ಬ್ರೇಕಿನ ಹಗ್ಗ ಬಿಚ್ಚಿದರು. ಹಿಡಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಗಾಡಿ ದಿಣ್ಣೆ ಹತ್ತಿತು.

ಮೇಲೂರಿನಲ್ಲಿ ನಾನು ಎಂದಿನ ಹುಲ್ಲಿನ ಗಾಡಿಯ ಹಿಂದೆ. ಅವರ ಕೈಯೆಲ್ಲ ಕಪ್ಪು, ಕೋಟಿನ ತೋಳೆಲ್ಲ ಎಣ್ಣೆ.

"ಯಾರದು? ಇಷ್ಟು ಹೊತ್ತು?"

"ಹಾಜರ್!"

"ಎಷ್ಟು?"

"ಮೂರು."

"ಏನೋ, ಕುಡಿದಿದೀಯಾ?"

"ಮೂರು ಕಣೋ. ಒಬ್ಬ ಹುಲ್ಲಿನ ಗಾಡಿ ಹಿಂದೆ ಅವಿತ್ಕೊಂಡಿದಾನೆ. ಬಾರಪ್ಪಾ ಅಳಿಮಯ್ಯಾ, ಬಿಸಿಲಲ್ಲಿ ಎಷ್ಟು ಹೊತ್ತು ನಿಂತ್ಕೋತೀಯಾ?"

ಹೋದೆ. ಹೋಗದೆ ಏನು ಮಾಡಲಿ? ತಲೆಯ ಮೇಲೆ ಹುಲ್ಲು ಬೇರೆ. ಮಾವ ಗಾಡಿಯ ಎಡಗಡೆಯ ಕೋಲಿಗೆ ನಾನೇ ಕಟ್ಟಿದ ಕನ್ನಡಿಯನ್ನು ಬೆರಳಿನಿಂದ ತಟ್ಟಿದರು.

"ಮೊದ್ಲನೇ ವಾರದಿಂದ ನೋಡ್ತಿದೀನಿ. ಲಾರಿ ಒಂದೂ ಕಾಣ್ಲಿಲ್ಲ. ನೀನೊಬ್ಬನೇ."

"ಮಾವ, ಮತ್ತೆ ಆ ಬೀಡಿ..."

"ಬರೀ ಒಂದಾ? ನೀನು ಕಾಲುವೇಲಿ ಬಿದ್ದ ದಿನ ಮೂರು ಸೇದಿದೆ ಕಣೋ, ಎದ್ದು ಬರ್ಲಿ ಅಂತ. ಪಂಕ್ಚರ್ ದಿನ ಚಪ್ಪಲಿ ತಿಕ್ಕಿ ತಿಕ್ಕಿ ಅಂಗಾಲು ಸವೆದೋಯ್ತು."

ನಾನು ಅವರನ್ನು ಕಾಯುತ್ತಿದ್ದೇನೆಂದು ಅಂದುಕೊಂಡಿದ್ದ ಅಷ್ಟೂ ವಾರ ಅವರು ನನ್ನನ್ನು ಕಾದುಕೊಂಡು ಮೇಲೂರಿಗೆ ಕರೆತರುತ್ತಿದ್ದರು. ಮೇಲೂರಿನವರು ಕೈಚಾಚಿ ನನ್ನ ಮುಖ ಸವರಿ, ತಲೆಯ ಹುಲ್ಲು ಕಿತ್ತು, "ಇವನೇನೋ ನಿನ್ನ ಪುಕ್ಕಲ?" ಎಂದರು.

"ಪುಕ್ಕಲ ಅನ್ಬೇಡ" ಎಂದರು ಮಾವ. ದನಿಯಲ್ಲಿ ತಮಾಷೆ ಇರಲಿಲ್ಲ. "ಇವತ್ತು ದಿಣ್ಣೇಲಿ ಚೈನು ಬಿತ್ತು. ನಾನೇ ಹಾಕ್ದೆ. ಅರ್ಧ ಗಂಟೆ ಮರದ ಹಿಂದೆ ನಿಂತಿದ್ದ, ಬರ್ಲಿಲ್ಲ. ನಂಗೆ ಚೈನು ಹಾಕೋದು ಕಷ್ಟ ಆಯ್ತು. ಅವನಿಗೆ ನಿಂತ್ಕೊಳ್ಳೋದು ಅದಕ್ಕಿಂತ ಕಷ್ಟ ಆಗಿರುತ್ತೆ."

ಮೇಲೂರಿನವರು ಒಳಗೆ ತಿರುಗಿ "ಅಮ್ಮಾ, ಮೂರು ಕಾಫಿ" ಎಂದರು.

ಮುಂದಿನ ಭಾನುವಾರ ನಾನು ಮನೆಯಲ್ಲೇ ಉಳಿದೆ. ಯಾರೂ ಹೇಳಿರಲಿಲ್ಲ. ಹೆಂಡತಿ ಕೈಗೊಂದು ಮೊರ ಕೊಟ್ಟು ಅಕ್ಕಿ ಆರಿಸಲು ಕೂರಿಸಿದಳು. ಅವತ್ತು ನಾನು ಕಲ್ಲು ಉಳಿಸಿ ಅಕ್ಕಿ ಬಿಸಾಡಿದೆನೆಂದು ಅವಳು ಈಗಲೂ ಹೇಳುತ್ತಾಳೆ. ಮೂರು ಗಂಟೆಯಿಂದ ಬಾಗಿಲಲ್ಲಿ ನಿಂತೆ. ನಾಲ್ಕೂವರೆಗೆ ಬೀದಿಯ ತಿರುವಿನಲ್ಲಿ ಗಾಡಿ ಕಾಣಿಸಿತು. ಮಾವನ ಮುಖದಲ್ಲಿ ಯಾಕೋ ಸಿಡುಕು.

"ಏನಾಯ್ತು ಮಾವ? ಚೈನಾ?"

"ಚೈನೂ ಇಲ್ಲ, ಗೀನೂ ಇಲ್ಲ. ಕನ್ನಡಿ ಖಾಲಿ." ಜಗುಲಿಯ ಮೇಲೆ ಕೂತು ಊರುಗೋಲನ್ನು ಗೋಡೆಗೆ ಒರಗಿಸಿದರು. "ಮೋರಿ ಹತ್ರ ನಿಂತೆ. ಏರಿ ಇಳಿದು ನಿಂತೆ. ಯಾರೂ ಇಲ್ಲ. ಎಲ್ಲಾದ್ರೂ ಬಿದ್ದುಗಿದ್ದನೋ ಏನೋ ಅಂತ ವಾಪಸ್ ಬರಣ ಅನ್ನಿಸ್ತು. ದರಿದ್ರ, ಈ ಗಾಬರಿ ಅನ್ನೋದು ಅಂಟುರೋಗ ಕಣೋ."

"ಮತ್ತೆ?"

"ಮತ್ತೇನು? ಧೈರ್ಯ ಮಾಡಿ ಹೋದೆ. ಒಬ್ನೇ."

ಆ 'ಒಬ್ನೇ' ಎನ್ನುವಾಗ ಸಿಡುಕು ಸ್ವಲ್ಪ ಸಡಿಲವಾಯಿತು. ಒಳಗಿನಿಂದ ಮಗಳು ಕೇಳಿದಳು: "ಅವ್ರು ಎಷ್ಟು ಅಂತ ಕೇಳಿದ್ರಾ ಅಪ್ಪ?"

"ಕೇಳ್ದ. ಎರಡು ಅಂದೆ. ಮೂರ್ನೇವ್ನೆಲ್ಲಿ ಅಂದ. ರಜದಲ್ಲಿದಾನೆ ಅಂದೆ." ಆಮೇಲೆ ನನ್ನ ಕಡೆ ತಿರುಗಿ, "ತಿಂಗಳಿಗೊಂದ್ಸಲ ಹಾಜರಿ ಹಾಕು, ಸಾಕು. ಪಕ್ಕದಲ್ಲಿ ಬಾ. ಮರದ ಹಿಂದೆ ಬೇಡ" ಎಂದರು.

ಗಾಡಿಯನ್ನು ಒಳಗೆ ಇಡಲು ಹೋದೆ. ಕನ್ನಡಿಯ ಮೇಲೆ ಧೂಳಿತ್ತು, ಪಂಚೆಯ ತುದಿಯಿಂದ ಒರೆಸಿದೆ. ಯಾರೂ ನೋಡುತ್ತಿಲ್ಲವೆಂದುಕೊಂಡು ಪೀಠದ ಮೇಲೆ ಕೂತು, ಹಿಡಿ ಹಿಡಿದು, ಒಂದು ಸುತ್ತು ತಿರುಗಿಸಿದೆ. ಟಿಕ್ ಟಿಕ್ ಟಿಕ್.

ಒಳಗಿನಿಂದ ಮಗಳು, ಜಗುಲಿಯಿಂದ ಅಪ್ಪ, ಇಬ್ಬರೂ ಒಟ್ಟಿಗೆ ಕೂಗಿದರು.

"ನಿಮ್ಮ ಕಡೆಗೆ ಎಳ್ಕೊಳ್ರೀ!"

"ನಿನ್ನ ಕಡೆಗೋ!"